ಅಮಾವಾಸ್ಯೆಯ ತೂಕ

ಒಂದು ಇಡೀ ಗುಡ್ಡವನ್ನು ಬದನೆಕಾಯಿ ತೂಗಿದ ಹಾಗೆ ತೂಗಲು ಬರುವಂತಿದ್ದರೆ? ವಿದ್ಯಾರ್ಥಿಯಾಗಿದ್ದಾಗ ವಸುಮತಿ ಈ ಮಾತು ಆಡಿದಾಗ ಮೈಸೂರಿನ ಪ್ರಯೋಗಾಲಯದಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವಳು ಬಳ್ಳಾರಿ ಸೀಮೆಯ ಹದ್ದಿನಗುಡ್ಡದ ಬುಡದಲ್ಲಿ, ಹಳೆಯ ಗಣಿಯ ಸುರಂಗವೊಂದರಲ್ಲಿ, ಸಂಬಳ ತೆಗೆದುಕೊಂಡು ಅದೇ ಕೆಲಸ ಮಾಡುತ್ತಿದ್ದಳು.

ಹದ್ದಿನಗುಡ್ಡದ ನೆತ್ತಿಯನ್ನು ಕಬ್ಬಿಣದ ಅದಿರಿಗಾಗಿ ಮೂರು ತಲೆಮಾರು ಅಗೆದಿದ್ದರು. ಅದಿರು ಮುಗಿದ ಮೇಲೆ ಉಳಿದದ್ದು ಊರಗಲದ ಗುಂಡಿ. ಅದರ ಸುತ್ತ ಕಟ್ಟೆ ಕಟ್ಟಿ, ತಳ ಭದ್ರಪಡಿಸಿ ಜಲಾಶಯ ಮಾಡಿದರು. ಹಗಲು ಬಯಲಿನ ಸೌರ ಫಲಕಗಳು ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ತು ಕೊಡುವಾಗ ಪಂಪುಗಳನ್ನು ಓಡಿಸಿ ಕೆಳಗಿನ ಕೆರೆಯ ನೀರನ್ನು ಗುಡ್ಡದ ಮೇಲೆ ಏರಿಸುವುದು. ಸಂಜೆ ಮನೆಮನೆಯಲ್ಲೂ ದೀಪ ಹೊತ್ತಿದಾಗ ಅದೇ ನೀರನ್ನು ಕೊಳವೆಯಲ್ಲಿ ಇಳಿಸಿ, ಟರ್ಬೈನು ತಿರುಗಿಸಿ, ವಿದ್ಯುತ್ತು ಮರಳಿ ಪಡೆಯುವುದು. ಜಲಾಶಯದ ಇನ್ನೊಂದು ಪಾಲು ನೀರು ಗುಡ್ಡದ ಬುಡದ ಹರವಿನಹಾಳ ಪಟ್ಟಣದ ನಲ್ಲಿಗಳಿಗೆ. ಹಿಂದೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತಿದ್ದ ಊರು ಅದು. ಈಗ ನಲ್ಲಿ ತಿರುವಿದರೆ ಯಾವ ಹೊತ್ತಿನಲ್ಲೂ ನೀರು.

ವಸುಮತಿಯ ಯಂತ್ರ ಇದ್ದದ್ದು ಈ ನೀರಿನ ಮೇಲೆ ಕಣ್ಣಿಡಲು. ನೋಡಲು ಆಳೆತ್ತರದ ಉಕ್ಕಿನ ಕಂಬ, ಒಳಗೆ ಗಾಳಿಯೇ ಇಲ್ಲದ ಕೊಳವೆ. ಚಿಟಿಕೆಗಿಂತ ಎಷ್ಟೋ ಕಡಿಮೆ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಲ್ಲಿ ಹಿಡಿದು, ಅಲುಗಾಟವೇ ಅಡಗುವಷ್ಟು ತಣ್ಣಗೆ ಮಾಡಿ, ನಾಣ್ಯ ಚಿಮ್ಮಿದಂತೆ ಮೇಲಕ್ಕೆ ಚಿಮ್ಮಿ, ಅವು ಮರಳಿ ಬೀಳುವ ವೇಗವನ್ನು ಅದು ಅಳೆಯುತ್ತಿತ್ತು. ಯಂತ್ರದ ಮಟ್ಟಕ್ಕಿಂತ ಕೆಳಗೆ ತೂಕ ಹೆಚ್ಚಿದರೆ ಪರಮಾಣುಗಳು ಒಂದು ಎಳೆಯಷ್ಟು ಬೇಗ ಬೀಳುತ್ತವೆ. ಮೇಲೆ ತೂಕ ಹೆಚ್ಚಿದರೆ ಆ ತೂಕ ಅವನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಒಂದು ಎಳೆಯಷ್ಟು ತಡ. ಅಂದರೆ, ನೀರು ಮೇಲಿನಿಂದ ಕೆಳಗೆ ಹೋದಾಗಲೆಲ್ಲ ಪರದೆಯ ಹಸಿರು ಗೆರೆ ಏರಬೇಕು. ಪಂಪು ಏರಿಸಿದ್ದು, ಟರ್ಬೈನು ಇಳಿಸಿದ್ದು, ಬಿಸಿಲಿಗೆ ಆವಿಯಾದದ್ದು, ನಲ್ಲಿಗೆ ಹೋದದ್ದು, ಚಂದ್ರ ಸೂರ್ಯರ ಸೆಳೆತ, ಇವನ್ನೆಲ್ಲ ಕಳೆದ ಮೇಲೆ ಗೆರೆ ಮಟ್ಟಸವಾಗಿ ಮಲಗಬೇಕು.

ಮಲಗುತ್ತಿರಲಿಲ್ಲ.

"ಮತ್ತ ಮೆಟ್ಲು ಹತ್ತೈತಿ ನೋಡ್ರಿ ಮೇಡಂ," ಎಂದ ಎರ್ರಿಸ್ವಾಮಿ. ನಿಯಂತ್ರಣ ಕೊಠಡಿಯ ಪಾಳಿ ಎಂಜಿನಿಯರ್ ಅವನು. ಗಂಭೀರ ವಿಷಯವನ್ನು ಗಂಭೀರವಾಗಿ ಹೇಳಲು ಬಾರದವನು. ಅವನು ತೋರಿಸಿದ್ದು ಕಳೆದ ತಿಂಗಳಿನ ಗೆರೆಯನ್ನು. ತಿಂಗಳಿಡೀ ಮಲಗಿದ್ದ ಗೆರೆ ಒಂದೇ ಒಂದು ದಿನ ಮೆಟ್ಟಿಲಿನಂತೆ ಮೇಲೆದ್ದು ಅಲ್ಲೇ ನಿಂತಿತ್ತು. ಅದರ ಹಿಂದಿನ ತಿಂಗಳೂ ಹಾಗೆಯೇ. ಅದರ ಹಿಂದಿನದೂ ಹಾಗೆಯೇ. ಪ್ರತಿ ಸಲವೂ ಅಮಾವಾಸ್ಯೆಯ ದಿನ.

"ಚಂದ್ರನ ಲೆಕ್ಕದಾಗ ಏನರ ತಪ್ಪಿರಬೇಕ್ರಿ. ಅಮಾಸಿಗೆ ಸಮುದ್ರ ಉಕ್ಕತೈತಿ ಅಂತಾರಲ್ಲ, ಹಂಗ ನಮ್ಮ ಗುಡ್ಡಾನೂ."

"ಹಾಗಾದರೆ ಹುಣ್ಣಿಮೆಗೂ ಬರಬೇಕಿತ್ತು ಎರ್ರಿಸ್ವಾಮಿ. ಸೂರ್ಯ ಚಂದ್ರ ಒಂದೇ ಕಡೆ ನಿಂತರೂ ಅಷ್ಟೇ, ಎದುರುಬದುರು ನಿಂತರೂ ಅಷ್ಟೇ, ಸೆಳೆತ ಹೆಚ್ಚುಕಡಿಮೆ ಒಂದೇ. ಹುಣ್ಣಿಮೆ ದಿನ ನೋಡು, ಗೆರೆ ಕಲ್ಲಿನ ಹಾಗೆ ಮಲಗಿದೆ."

"ಅಂದ್ರ ಅಮಾಸಿ ದಿನ ದೆವ್ವ ಬಂದು ನೀರು ಕುಡೀತಾವ."

ವಸುಮತಿ ನಗಲಿಲ್ಲ. ಹತ್ತು ಸಾವಿರ ಟನ್ನಿನಷ್ಟು ನೀರು ಪ್ರತಿ ಅಮಾವಾಸ್ಯೆಗೆ ಮೇಲಿನಿಂದ ಕೆಳಗಿಳಿದು ಅಲ್ಲೇ ಉಳಿಯುತ್ತಿದೆ ಎಂದು ಯಂತ್ರ ಹೇಳುತ್ತಿತ್ತು. ನೀರು ಜಲಾಶಯದ ತಳದಿಂದ ಹಳೆಯ ಸುರಂಗಗಳಿಗೆ ಸೋರಿ ಗುಡ್ಡದ ಬುಡ ನೆನೆಯುತ್ತಿದ್ದರೆ, ಒಂದು ದಿನ ಆ ಇಳಿಜಾರು ಪೂರ್ತಿ ಜಾರಬಹುದು. ಇಳಿಜಾರಿನ ಕೆಳಗೇ ಗುಡ್ಡದಡಿ ಓಣಿ. ಆ ಓಣಿಯಲ್ಲಿ ಅವಳ ಮನೆ. ಗಂಡ ಪಂಪಾಪತಿ, ಅತ್ತೆ ಹಂಪಮ್ಮ.

ಬಾಗಿಲು ತಳ್ಳಿಕೊಂಡು ಮುಖ್ಯ ಎಂಜಿನಿಯರ್ ಸವಣೂರ ಸಾಹೇಬರು ಬಂದರು. ಮೆಹಬೂಬ್ ಅಲಿ ಸವಣೂರ ಎಂಬ ಹೆಸರು ನಾಮಫಲಕದ ಮೇಲೆ ಮಾತ್ರ. ಎಲ್ಲರಿಗೂ ಅವರು ಸವಣೂರ ಸಾಹೇಬ್ರು. ಕುರ್ಚಿ ಎಳೆದುಕೊಂಡು ಕೂತರು, ಆದರೆ ಒರಗಲಿಲ್ಲ.

"ಸುರಕ್ಷತಾ ಸಮಿತಿ ತೀರ್ಮಾನ ಮಾಡೈತಿ ಮೇಡಂ. ನಾಳೆ ಅಮಾಸಿ. ನಾಳೆನೂ ಈ ಮೆಟ್ಟಿಲು ಬಂದ್ರ ಜಲಾಶಯ ಖಾಲಿ ಮಾಡೋದು."

"ಪೂರ್ತಿನಾ ಸರ್?"

"ತಳ ಕಾಣೋಮಟ. ಆಮೇಲೆ ಬಿರುಕು ಹುಡುಕಬೇಕು, ಮುಚ್ಚಬೇಕು, ಮತ್ತ ತುಂಬಬೇಕು. ಎರಡು ಬ್ಯಾಸಿಗಿ ಹೋಗತಾವು. ಅಲ್ಲಿತನಕ ಊರಿಗೆ ಮತ್ತ ಟ್ಯಾಂಕರ್." ಅವರು ಪರದೆ ನೋಡಿದರು. "ಎಚ್ಚರಿಕೆ ಕೊಟ್ಟವರು ನೀವು. ಸರಿಯಾಗೇ ಕೊಟ್ಟೀರಿ. ಆದ್ರ ನಿಮ್ಮ ಯಂತ್ರ ನೀರು ಎಷ್ಟು ಅಂತ ಹೇಳತೈತಿ, ಎಲ್ಲಿಂದ ಅಂತ ಹೇಳಂಗಿಲ್ಲ. ಅಷ್ಟು ಹೇಳಿಬಿಟ್ಟಿದ್ರ!"

ಅದನ್ನೇ ವಸುಮತಿ ತಿಂಗಳುಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸೋರಿಕೆಗೆ ಪಂಚಾಂಗ ಗೊತ್ತಿರುತ್ತದೆಯೇ? ಬಿರುಕಿನಿಂದ ಸೋರುವ ನೀರು ಅಮಾವಾಸ್ಯೆ ಯಾವಾಗ ಎಂದು ಕಾದು ಕೂರುತ್ತದೆಯೇ?

*

ಮರುದಿನ ಅವಳು ಯಂತ್ರವನ್ನು ಎರ್ರಿಸ್ವಾಮಿಗೆ ಒಪ್ಪಿಸಿ ಬೆಳಿಗ್ಗೆಯೇ ಮನೆಗೆ ಹೊರಟಳು. ಮದುವೆಯಾಗಿ ಈ ಊರಿಗೆ ಬಂದು ಮೂರು ವರ್ಷವಾಗಿದ್ದರೂ ಅಮಾವಾಸ್ಯೆಯಂದು ಅವಳು ಮನೆಯಲ್ಲಿದ್ದದ್ದೇ ಇಲ್ಲ. ಚಂದ್ರನ ಸೆಳೆತ ಹೆಚ್ಚಿರುವ ದಿನ ಯಂತ್ರದ ಪಕ್ಕ ಕೂತು ಲೆಕ್ಕ ತಾಳೆ ನೋಡುವುದು ಅವಳ ಕಟ್ಟುನಿಟ್ಟು. ಇವತ್ತು ಮಾತ್ರ ಮನಸ್ಸು ತಡೆಯಲಿಲ್ಲ. ಅತ್ತೆಯನ್ನು ಒಪ್ಪಿಸಿ ಊರಿನ ಆಚೆ ಬದಿಯ ನಾದಿನಿಯ ಮನೆಗೆ ಕಳಿಸಬೇಕು ಎಂದುಕೊಂಡು ಓಣಿಯ ತಿರುವು ದಾಟಿದಳು.

ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಗಳ ಮುಂದೆಲ್ಲ ಹಂಡೆ, ಕೊಳಗ, ಕೊಡ, ಡ್ರಮ್ಮುಗಳನ್ನು ಬೋರಲು ಹಾಕಿ ಬೂದಿ ಹಚ್ಚಿ ತಿಕ್ಕುತ್ತಿದ್ದರು. ಮಾಳಿಗೆಗಳ ಮೇಲಿನ ಟ್ಯಾಂಕುಗಳಿಂದ ಹಸಿರು ಪೈಪುಗಳು ಇಳಿಬಿದ್ದು ನೆಲದ ಮೇಲೆ ಹಾವುಗಳಂತೆ ಹರಿದು, ಎಲ್ಲವೂ ಓಣಿಯ ನಡುವಿನ ಹಾಳುಬಾವಿಯ ಕಡೆಗೆ ಹೋಗಿದ್ದವು. ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ, ಒಂದು ಚೆಂಡುಹೂವಿನ ಸರ. ಅದರೊಳಕ್ಕೆ ಇಪ್ಪತ್ತು ಮೂವತ್ತು ಪೈಪುಗಳಿಂದ ನೀರು ಧೋ ಎಂದು ಸುರಿಯುತ್ತಿತ್ತು.

ಹಂಪಮ್ಮ ಸೀರೆ ಎತ್ತಿ ಕಟ್ಟಿಕೊಂಡು ಕಟ್ಟೆಯ ಬಳಿ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. ಸೊಸೆಯನ್ನು ಕಂಡು ಕಣ್ಣರಳಿಸಿದಳು.

"ಏನವ್ವ ಇದು, ಸೂರ್ಯ ಎತ್ತಾಗ ಹುಟ್ಯಾನ? ಅಮಾಸಿ ದಿನ ಸೊಸಿ ಮನೀಗೆ! ಬಾ, ಆ ಪೈಪು ಹಿಡಿ. ಜಾರತೈತಿ."

ವಸುಮತಿ ಪೈಪು ಹಿಡಿದಳು. ಹಿಡಿದವಳು ಬಾವಿಯೊಳಗೆ ಬಗ್ಗಿ ನೋಡಿದಳು. ಅಷ್ಟು ನೀರು ಬೀಳುತ್ತಿದ್ದರೂ ತಳದಲ್ಲಿ ಒಂದು ಗೇಣೂ ನಿಲ್ಲುತ್ತಿರಲಿಲ್ಲ.

"ಅತ್ತೆ, ಇಷ್ಟೊಂದು ನೀರು ಯಾಕೆ ಇದರೊಳಗೆ?"

"ಹಳೇ ನೀರಲ್ಲೇನವ್ವ? ತಿಂಗಳೊಪ್ಪತ್ತು ಟ್ಯಾಂಕಿನ್ಯಾಗ ಕುಂತಿದ್ದು. ಅಮಾಸಿಗೆ ಹಳೇದು ತಗದು ಹೊಸಾದು ತುಂಬಬೇಕು."

"ಅದು ಸರಿ. ಚರಂಡಿಗೆ ಬಿಡಬಹುದಲ್ಲ?"

ಪಾತ್ರೆ ತಿಕ್ಕುತ್ತಿದ್ದ ಮೂರು ಹೆಂಗಸರು ಒಟ್ಟಿಗೆ ತಲೆಯೆತ್ತಿ ಅವಳನ್ನು ನೋಡಿದರು. ಹಂಪಮ್ಮ ಕೆನ್ನೆ ಬಡಿದುಕೊಂಡಳು.

"ಕುಡಿಯೋ ನೀರನ್ನ ಗಟಾರಕ್ಕ? ಮೈಸೂರಾಗ ಹಂಗ ಮಾಡ್ತೀರೇನು? ಗಂಗಮ್ಮನ್ನ ಮನಿಯಿಂದ ಕಳಸೋದಾದ್ರ ಆಕಿ ತವರಿಗೇ ಕಳಸಬೇಕವ್ವ. ಬಾವಿ ಬತ್ತಿ ಮೂವತ್ತು ವರ್ಷಾತು, ಆದ್ರ ತವರು ತವರೇ."

"ಎಲ್ಲ ಓಣಿಯಲ್ಲೂ ಹೀಗೇ ಮಾಡ್ತಾರಾ?"

"ಮತ್ತ? ಓಣಿಗೊಂದು ಬಾವಿ ಐತಲ್ಲ."

ವಸುಮತಿಯ ಕೈಯಿಂದ ಪೈಪು ಜಾರಿತು. ನೀರು ಎದ್ದು ಹಂಪಮ್ಮನ ಮುಖಕ್ಕೆ ಬಡಿಯಿತು. ಮುದುಕಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಅವಳ ಒದ್ದೆ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅತ್ತೆ, ದೆವ್ವ ಅಲ್ಲ, ನೀವು!" ಎಂದು ಕೂಗಿ, ಬಂದ ದಾರಿಯಲ್ಲೇ ಓಡಿದಳು.

"ನಾ ದೆವ್ವ ಅಂತ ಯಾರಂದ್ರು?" ಎಂದು ಹಂಪಮ್ಮ ಪಕ್ಕದವಳನ್ನು ಕೇಳಿದಳು.

ಓಡುತ್ತಲೇ ವಸುಮತಿ ಲೆಕ್ಕ ಹಾಕುತ್ತಿದ್ದಳು. ಹರವಿನಹಾಳದಲ್ಲಿ ಹನ್ನೆರಡು ಸಾವಿರದಷ್ಟು ಮನೆ. ಮನೆಗೊಂದು ಟ್ಯಾಂಕು, ಟ್ಯಾಂಕಿಗೆ ಸಾವಿರ ಲೀಟರು, ಅಂದರೆ ಒಂದು ಟನ್ನು. ಅಷ್ಟಿಷ್ಟು ಖಾಲಿ ಇದ್ದವು, ಪದ್ಧತಿ ಬಿಟ್ಟವರು, ಎಲ್ಲ ಕಳೆದರೂ ಹತ್ತು ಸಾವಿರ ಟನ್ನಿಗೆ ಮೋಸವಿಲ್ಲ! ಪಟ್ಟಣಕ್ಕೆ ಕೊಟ್ಟ ನೀರೆಲ್ಲ ಒಳಚರಂಡಿ ಹಿಡಿದು ದೂರದ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಎಂದು ಅವಳು ಲೆಕ್ಕದಲ್ಲಿ ಬರೆದುಕೊಂಡಿದ್ದಳು. ದಿನನಿತ್ಯದ ಮಟ್ಟಿಗೆ ಅದು ನಿಜವೂ ಆಗಿತ್ತು. ಮಾಳಿಗೆಯ ಟ್ಯಾಂಕು ಇರುವುದು ಯಂತ್ರದ ಮಟ್ಟಕ್ಕಿಂತ ಮೇಲೆ, ಬಾವಿಯ ತಳ ಅದಕ್ಕಿಂತ ಕೆಳಗೆ. ನೀರು ಅಲ್ಲಿಂದ ಇಲ್ಲಿಗೆ ಇಳಿದರೆ ಗೆರೆ ಏರಲೇಬೇಕು. ಇಳಿದದ್ದು ಭೂಮಿಯಲ್ಲೇ ಉಳಿದರೆ ಗೆರೆ ಕೆಳಗಿಳಿಯಲಾರದು.

ಮತ್ತೆ ಉಳಿದದ್ದು ಎಲ್ಲಿ? ಮೂರು ತಲೆಮಾರಿನ ಗಣಿಯ ಕಲ್ಲುಪುಡಿಯನ್ನು ತಂದು ತಗ್ಗಿಗೆ ಸುರಿದು ಅದರ ಮೇಲೆ ಊರು ಕಟ್ಟಿದ್ದರು. ಅದು ಊರಲ್ಲ, ಸ್ಪಂಜು. ಗುಡ್ಡದ ಮೇಲೊಂದು ಜಲಾಶಯ ಕಟ್ಟಲು ಸರ್ಕಾರಕ್ಕೆ ಹನ್ನೆರಡು ವರ್ಷ ಹಿಡಿದಿತ್ತು; ಊರಿನ ಅಡಿಯಲ್ಲಿ ಇನ್ನೊಂದನ್ನು ಹೆಂಗಸರು ಸದ್ದಿಲ್ಲದೆ ತುಂಬಿಸುತ್ತಿದ್ದರು.

*

"ಚೆಂದ ಐತಿ," ಎಂದರು ಸವಣೂರ ಸಾಹೇಬರು. "ಭಾಳ ಚೆಂದ ಐತಿ. ಅದಕ್ಕೇ ನನಗ ಹೆದರಿಕಿ."

ಪರದೆಯ ಮೇಲೆ ಆ ಅಮಾವಾಸ್ಯೆಯ ಮೆಟ್ಟಿಲು ಆಗಲೇ ಎದ್ದಿತ್ತು. ವಸುಮತಿ ಏದುಸಿರು ಬಿಡುತ್ತಲೇ ಎಲ್ಲ ವಿವರಿಸಿದ್ದಳು. ಎರ್ರಿಸ್ವಾಮಿ ಹಣೆ ಚಚ್ಚಿಕೊಂಡು, "ನಮ್ಮ ಮನ್ಯಾಗೂ ಇದನ್ನೇ ಮಾಡ್ತಾರ್ರಿ! ತಿಂಗಳಾ ತಿಂಗಳಾ ನೋಡೀನಿ," ಎಂದಿದ್ದ.

"ಮೇಡಂ, ಊರು ನೀರು ಸುರುವಿದ್ರ ಗೆರಿ ಏರತೈತಿ, ಒಪ್ಪಿದೆ. ಆದ್ರ ಏರಿದ್ದೆಲ್ಲಾ ಊರಿನ ನೀರೇ ಅಂತ ಹೆಂಗ ಹೇಳ್ತೀರಿ? ಒಂದು ಪಾಲು ಬಾವಿದು, ಇನ್ನೊಂದು ಪಾಲು ಬಿರುಕಿಂದು ಅಂತಿದ್ರ? ನಾ ಸಮಿತಿಗೆ ಬ್ಯಾಡ ಅಂತ ಹೇಳಿ, ನಾಳೆ ಗುಡ್ಡ ಜಾರಿದ್ರ ಸಾಯೋರು ನಾನಲ್ಲ. ನಿಮ್ಮ ಓಣಿಯವರು."

"ಅದಕ್ಕೇ ಪರೀಕ್ಷೆ ಮಾಡೋಣ ಅಂತ ನಾನು ಹೇಳ್ತಿರೋದು. ಅಮಾವಾಸ್ಯೆ ಅಲ್ಲದ ದಿನ ಊರು ಪೂರ್ತಿ ನೀರು ಸುರಿಯಲಿ. ಪಂಪು, ಟರ್ಬೈನು ಎರಡೂ ನಿಲ್ಲಿಸಿ. ಗೆರೆ ಅವರ ಮಾತು ಮಾತ್ರ ಕೇಳಿದರೆ ಬಿರುಕಿಲ್ಲ."

ಸಾಹೇಬರು ಗಡ್ಡ ಕೆರೆದುಕೊಂಡರು. ಆಮೇಲೆ ಅವರ ಕಣ್ಣಲ್ಲೂ ಏನೋ ಹೊತ್ತಿಕೊಂಡಿತು. ಅವರೂ ಒಂದು ಕಾಲಕ್ಕೆ ಪ್ರಯೋಗಾಲಯದಲ್ಲಿ ಕೂತವರೇ.

"ನಿಮಗ ಗೊತ್ತಿರಬಾರದು."

"ಏನು ಸರ್?"

"ಯಾವಾಗ ಸುರೀತಾರ, ಯಾವಾಗ ನಿಲ್ಲಸ್ತಾರ ಅನ್ನೋದು. ಒಂದ ಸಲ ಸುರುವಿ ಮುಗಿಸೋದಲ್ಲ. ಬಿಟ್ಟು ಬಿಟ್ಟು ಸುರುವಬೇಕು, ತಮಗ ತಿಳದಂಗ. ನೀವು ಇಲ್ಲಿ ಕುಂತು ಬರೇ ಗೆರಿ ನೋಡಿ ಹೇಳ್ರಿ, ಈಗ ಸುರುವಾಕತ್ತಾರ, ಈಗ ನಿಂತಾರ ಅಂತ. ಊರು ಬರೀಲಿ, ನೀವು ಓದ್ರಿ. ಒಂದು ಅಕ್ಷರ ಹೆಚ್ಚಾದ್ರ ನಾ ಜಲಾಶಯ ಖಾಲಿ ಮಾಡಸ್ತೀನಿ."

ವಿದ್ಯುತ್ ಜಾಲದವರು ಗೊಣಗುತ್ತ ಒಂದು ಅರ್ಧ ದಿನ ಕೊಟ್ಟರು, ಬರುವ ಗುರುವಾರ.

*

ಹರವಿನಹಾಳ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ ಪಂಪಾಪತಿಗೆ ಊರಿನ ಅರ್ಧದಷ್ಟು ಗಂಡಸರು ಹಳೆಯ ಶಿಷ್ಯರು. ಅವನ ಸೀಟಿ ಕೇಳಿದರೆ ಮೀಸೆ ಬಂದವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಈ ಕೆಲಸಕ್ಕೆ ಅವನಿಗಿಂತ ಸರಿಯಾದವರು ಸಿಗುತ್ತಿರಲಿಲ್ಲ.

"ನನಗ್ಯಾಕ ಮೊದಲೇ ಕೇಳ್ಲಿಲ್ಲ?" ಎಂದ ಹೆಂಡತಿಗೆ, ರೊಟ್ಟಿ ಮುರಿಯುತ್ತ. "ಅಮಾಸಿಗೆ ನೀರು ಹಾಕ್ತಾರ ಅಂತ ನಾನೇ ಹೇಳ್ತಿದ್ದೆ."

"ಬಾವಿಗೆ ನೀರು ಹಾಕ್ತೀರಾ ಅಂತ ಕೇಳಬೇಕು ಅನ್ನೋದು ನನಗೆ ಹೇಗೆ ಗೊತ್ತಾಗಬೇಕಿತ್ತು?"

"ಅದೂ ಖರೇನ."

ಗಂಡಸರನ್ನು ಒಪ್ಪಿಸುವುದು ಸುಲಭವಾಗಿತ್ತು. ಕಷ್ಟವಾದದ್ದು ಬಾವಿಕಟ್ಟೆಯಲ್ಲಿ. ಆ ಸಂಜೆ ಬೇರೆ ಬೇರೆ ಓಣಿಗಳ ಹಿರಿಯ ಹೆಂಗಸರು ಸೇರಿದ್ದರು. ಗುರುವಾರ ಗಂಗಮ್ಮನನ್ನು ತವರಿಗೆ ಕಳಿಸುವುದೆಂದರೆ ಏನು? ಅಮಾವಾಸ್ಯೆ ಮೊನ್ನೆ ತಾನೇ ಮುಗಿದಿದೆ.

"ಸರ್ಕಾರದವರು ಹೇಳಿದ್ರ ಅಮಾಸಿ ಹಿಂದ ಮುಂದ ಆಗತೈತೇನ?" ಎಂದಳು ಒಬ್ಬಳು. "ನಾಳೆ ಯುಗಾದಿನೂ ಮುಂದ ಹಾಕ್ರಿ ಅಂತಾರ."

"ಟ್ಯಾಂಕು ತೊಳದು ತುಂಬೀವಿ. ಹೊಸಾ ನೀರು ಚೆಲ್ಲು ಅಂತಾರ, ಹುಚ್ಚು ಹಿಡದೈತಿ."

ವಸುಮತಿ ಪರಮಾಣುಗಳ ಬಗ್ಗೆ, ಸೆಳೆತದ ಬಗ್ಗೆ ಬಿಡಿಸಿ ಬಿಡಿಸಿ ಹೇಳಿದಳು. ಅವರು ಮರ್ಯಾದೆಯಿಂದ ಕೇಳಿದರು, ಒಬ್ಬರೂ ಅಲುಗಲಿಲ್ಲ. ಕೊನೆಗೆ ಹಂಪಮ್ಮ ಎಲೆಯಡಿಕೆ ಉಗುಳಿ ಬಂದು ಕೂತಳು.

"ಯವ್ವಾ ಸೂಗಮ್ಮ, ನಿನ್ನ ಮಗಳು ತವರಿಗೆ ಬರೋದು ಬರೇ ಪಂಚಮಿಗೇನ?"

"ಮನಸ್ಸಾದಾಗ ಬರತಾಳವ್ವ. ಹೋದ ವಾರ ಬಂದಿದ್ಲು."

"ಬಂದ್ರ ಬಾಗಲಾ ಹಾಕೀದೇನ, ಪಂಚಮಿ ಅಲ್ಲ ಹೋಗು ಅಂತ?"

ಸೂಗಮ್ಮ ನಕ್ಕುಬಿಟ್ಟಳು. ಉಳಿದವರೂ ನಕ್ಕರು. ಹಂಪಮ್ಮ ಸೊಸೆಯ ಕಡೆ ತಿರುಗಿ, "ಆತು ಹೋಗು. ಒಂದ ದಿನ ಹೆಚ್ಚಿಗೆ ತವರಿಗೆ ಹೋದ್ರ ಗಂಗಮ್ಮ ಏನೂ ಅನ್ನಂಗಿಲ್ಲ. ಆದ್ರ ನಿನ್ನ ಗುಂಡಿಗೀಗೆ ಏನಾಗೈತಿ? ಇಷ್ಟ್ಯಾಕ ಬಡಕೋತೈತಿ?" ಎಂದಳು.

"ಗೆರೆ ಸರಿ ಬರದಿದ್ದರೆ ಈ ಮನೆ ಬಿಡಬೇಕು ಅತ್ತೆ. ಊರಿಗೆ ನೀರೂ ಇರಲ್ಲ."

ಹಂಪಮ್ಮ ಸೊಸೆಯ ಬೆನ್ನಿನ ಮೇಲೆ ಒಂದು ಪೆಟ್ಟು ಕೊಟ್ಟು ಎದ್ದು ಹೋದಳು. ಅದು ಅವಳ ಆಶೀರ್ವಾದ.

*

ಗುರುವಾರ ಬೆಳಿಗ್ಗೆ ಪಂಪುಗಳು ನಿಂತವು. ಸದಾ ಗುಂಯ್‌ಗುಡುತ್ತಿದ್ದ ನಿಯಂತ್ರಣ ಕೊಠಡಿಯಲ್ಲಿ ಫ್ಯಾನಿನ ಸದ್ದೂ ದೊಡ್ಡದಾಗಿ ಕೇಳತೊಡಗಿತು. ಗುಡ್ಡದ ಮೇಲೆ ಜಲಾಶಯ ಕನ್ನಡಿಯಂತೆ ನಿಂತಿತ್ತು. ಪಟ್ಟಣಕ್ಕೆ ಹೋಗುವ ಕೊಳವೆಯನ್ನೂ ಮುಚ್ಚಿದ್ದರು. ಊರಿನಲ್ಲಿದ್ದದ್ದು ಮಾಳಿಗೆಯ ಮೇಲಿನ ನೀರು ಮಾತ್ರ.

ವಸುಮತಿ ಪರದೆಯ ಮುಂದೆ ಕೂತಳು. ಬೆನ್ನ ಹಿಂದೆ ಸವಣೂರ ಸಾಹೇಬರು. ಎರ್ರಿಸ್ವಾಮಿಗೆ ಕೂರಲಾಗದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದ. ಊರು ಯಾವಾಗ ಶುರುಮಾಡುತ್ತದೆಂದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಂಪಾಪತಿಗೆ ಒಬ್ಬನಿಗೇ. ಓಣಿ ಓಣಿಯಲ್ಲೂ ಸೀಟಿ ಹಿಡಿದು ನಿಂತಿದ್ದ ಹಳೆಯ ಶಿಷ್ಯರು ಅವನ ಸೀಟಿಗೆ ಕಾಯುತ್ತಿದ್ದರು.

ಗೆರೆ ಮಲಗಿತ್ತು. ಬಹಳ ಹೊತ್ತು ಮಲಗಿಯೇ ಇತ್ತು.

"ನಿದ್ದಿ ಹತ್ತೈತೇನ್ರಿ ಊರಿಗೆ?" ಎಂದ ಎರ್ರಿಸ್ವಾಮಿ.

"ಸುಮ್ಮನಿರಪ್ಪ," ಎಂದರು ಸಾಹೇಬರು.

ವಸುಮತಿ ಮುಂದಕ್ಕೆ ಬಾಗಿದಳು. ಗೆರೆಯ ತುದಿ ಅಲುಗಿದಂತಿತ್ತು. ಕಣ್ಣಿನ ಭ್ರಮೆಯೋ? ಪರಮಾಣುಗಳು ಇನ್ನೊಂದು ಸಲ ಚಿಮ್ಮಿದವು, ಬಿದ್ದವು. ಮತ್ತೆ ಚಿಮ್ಮಿದವು. ತುದಿ ಸ್ಪಷ್ಟವಾಗಿ ಮೇಲೆ ಮುಖ ಮಾಡಿತು.

"ಸುರೀತಿದ್ದಾರೆ!"

ವಸುಮತಿ ಕೂಗಿದಳು. ಗೆರೆ ಏರಿತು, ಒಂದೇ ಸಮನೆ, ಯಾರೋ ಕೈಹಿಡಿದು ಎಳೆದಂತೆ. ಅರ್ಧ ಮೈಲಿ ಕಲ್ಲಿನ ಆಚೆ, ಸಾವಿರಾರು ಪೈಪುಗಳಿಂದ ಬೀಳುತ್ತಿರುವ ನೀರನ್ನು ಒಂದು ಚಿಟಿಕೆಯೂ ಅಲ್ಲದ ಪರಮಾಣುಗಳು ಇಲ್ಲಿ ಕೂತು ಲೆಕ್ಕ ಹಾಕುತ್ತಿದ್ದವು. ಇಷ್ಟು ವರ್ಷ ಅವಳು ಕಲ್ಲು ತೂಗಿದ್ದಳು, ನೀರು ತೂಗಿದ್ದಳು. ಮನುಷ್ಯರು ಮಾಡುವ ಕೆಲಸವನ್ನು ತೂಗಿದ್ದು ಇದೇ ಮೊದಲು.

"ನಿಂತರು," ಎಂದಳು ಗೆರೆ ಮಲಗಿದ ಕೂಡಲೇ. ಸಾಹೇಬರು ಗಡಿಯಾರ ನೋಡಿ ಬರೆದುಕೊಂಡರು.

ಎರಡನೆಯ ಸಲ ಗೆರೆ ಏರಿದಾಗ ಎರ್ರಿಸ್ವಾಮಿ ಮೇಜು ಗುದ್ದಿದ. ಮೂರನೆಯದು ಚಿಕ್ಕದಾಗಿತ್ತು, ಬಂದು ತಟ್ಟನೆ ನಿಂತಿತು. ಆಮೇಲೆ ಮಟ್ಟಸ. ಕಾದರು. ಮಟ್ಟಸವಾಗಿಯೇ ಇತ್ತು.

ಸಾಹೇಬರ ಫೋನು ರಿಂಗಾಯಿತು. ಅವರು ಸ್ಪೀಕರಿಗೆ ಹಾಕಿದರು.

"ಮುಗೀತ್ರಿ ಸಾಹೇಬ್ರ," ಎಂದ ಪಂಪಾಪತಿ. ಹಿಂದೆ ಇಡೀ ಓಣಿ ಗಲಾಟೆ ಮಾಡುತ್ತಿತ್ತು. "ಎಷ್ಟು ಸಲ ಅಂತ ನೀವೇ ಹೇಳ್ರಿ ಮೊದಲ."

"ಮೂರು. ದೊಡ್ಡದು, ದೊಡ್ಡದು, ಸಣ್ಣದು," ಎಂದಳು ವಸುಮತಿ.

ಆಚೆಯಿಂದ ಸೀಟಿ, ಉದ್ದನೆಯ ಸೀಟಿ, ಅದರ ಹಿಂದೆ ಊರಿನ ಕೇಕೆ. ಸಾಹೇಬರು ಹೊತ್ತುಗಳನ್ನೂ ತಾಳೆ ನೋಡಿದರು. ಒಂದೊಂದೂ ಕೂಡಿ ಬಂತು. ವಸುಮತಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

"ಮೇಡಂ," ಎಂದ ಎರ್ರಿಸ್ವಾಮಿ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಗೆರೆ ಏರುತ್ತಿತ್ತು.

ಸಾಹೇಬರು ಫೋನಿಗೆ, "ಪಂಪಾಪತಿ, ಯಾರರ ಸುರುವಾಕತ್ತಾರೇನ?" ಎಂದು ಕೇಳಿದರು.

"ಇಲ್ಲರಿ. ಎಲ್ಲಾ ನಿಂತಾವ. ನಾ ಎಲ್ಲಾ ಓಣಿ ಸೀಟಿ ಕೇಳಿಕೊಂಡೇ ನಿಮಗ ಹಚ್ಚೀನಿ."

ಸಾಹೇಬರು ಗೋಡೆಯ ಮೇಲಿದ್ದ ಕೆಂಪು ಫೋನಿನ ಕಡೆ ನಡೆದರು. ಅದನ್ನೆತ್ತಿದರೆ ಗುಡ್ಡದಡಿ ಓಣಿಯ ಸೈರನ್ನು ಕೂಗುತ್ತದೆ, ಜಲಾಶಯದ ಬಾಗಿಲುಗಳು ತೆರೆಯುತ್ತವೆ.

"ಒಂದು ಅಕ್ಷರ ಹೆಚ್ಚಾತು ಮೇಡಂ. ಮಾತು ಕೊಟ್ಟಿದ್ದೆ."

"ಸರ್, ತಡೀರಿ."

"ನಿಮ್ಮ ಅತ್ತಿ ಆ ಇಳಿಜಾರಿನ ಕೆಳಗ ಅದಾಳ!"

"ಅದಕ್ಕೇ ತಡೀರಿ ಅಂತಿರೋದು! ಗೆರೆ ನೋಡಿ." ವಸುಮತಿ ಎದ್ದು ನಿಂತಿದ್ದಳು. ತಲೆ ಬಿಸಿಲಿನಂತೆ ತಿಳಿಯಾಗಿತ್ತು. "ಬಿರುಕಿನ ನೀರಾದರೆ ದಾರಿ ಕೊರೆದು ದೊಡ್ಡದು ಮಾಡುತ್ತ ಹೊತ್ತು ಹೋದಂತೆ ಏರು ಹೆಚ್ಚಬೇಕು. ಇದರ ಏರು ತಗ್ಗುತ್ತಾ ಇದೆ. ಟ್ಯಾಂಕು ಖಾಲಿಯಾಗ್ತಾ ಬಂದಾಗ ಪೈಪಿನ ನೀರು ಸಣ್ಣಗಾಗುತ್ತಲ್ಲ, ಹಾಗೆ. ಇದು ಟ್ಯಾಂಕು ಸರ್. ಮನೆಗಳು. ಬಹಳ ಇಲ್ಲ." ಅವಳು ಏರಿನ ಎತ್ತರದ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು. "ಮುನ್ನೂರು. ಹೆಚ್ಚೆಂದರೆ ಮುನ್ನೂರೈವತ್ತು ಮನೆ."

ಅವಳು ಫೋನಿನ ಹತ್ತಿರ ಬಾಗಿದಳು. "ಕೇಳಿಸ್ತಾ ಇದೆಯೇನ್ರಿ? ಯಾವುದಾದರೂ ಓಣಿಗೆ ಹೇಳೋದು ಬಿಟ್ಟಿದ್ದೀರಾ? ಮುನ್ನೂರು ಮನೆ ಇರೋದು?"

ಆಚೆ ಪಂಪಾಪತಿ ಕೆಮ್ಮಿದ. ಗಂಡನ ಆ ಬಗೆಯ ಕೆಮ್ಮು ಅವಳಿಗೆ ಗೊತ್ತಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದಾಗಿನ ಕೆಮ್ಮು ಅದು.

"ಯಾವ ಓಣಿ?"

"ಬಡಿಗೇರ ಓಣಿ," ಎಂದ ಕೊನೆಗೆ. "ಹೋದ ವರ್ಷ ಕಬಡ್ಡಿ ಫೈನಲ್ಲಿನ್ಯಾಗ ಅವರ ಹುಡುಗನ್ನ ಔಟ್ ಅಂತ ಸೀಟಿ ಹೊಡದಿದ್ದೆ. ಅವತ್ತಿಂದ ನನ್ನ ಜೋಡಿ ಮಾತಿಲ್ಲ. ಹೇಳಾಕ ಹೋದ್ರ ಬೈತಾರ ಅಂತ..."

"ಓಡ್ರಿ!"

ಅವನು ಓಡಿದ್ದು ಫೋನಿನಲ್ಲೇ ಕೇಳಿಸಿತು: ಚಪ್ಪಲಿಯ ಸದ್ದು, ಏದುಸಿರ ಸದ್ದು, ಯಾರದೋ ಪಾತ್ರೆ ಒದ್ದ ಸದ್ದು. ಸಾಹೇಬರ ಕೈ ಕೆಂಪು ಫೋನಿನ ಮೇಲೆಯೇ ಇತ್ತು. ಏರಿನ ವೇಗ ತಗ್ಗುತ್ತಿದ್ದರೂ ಗೆರೆ ಇನ್ನೂ ಏರುತ್ತಿತ್ತು. ಆಮೇಲೆ ದೂರದಿಂದ ನೀರಿನ ಸದ್ದು. ಬಾವಿಯೊಳಗೆ ಬೀಳುವ ನೀರಿಗಿರುವ ಆ ಗವ್ವೆನ್ನುವ ಸದ್ದು.

"ಸುರುವಾಕತ್ತಾರ್ರೀ!" ಪಂಪಾಪತಿಯ ಕೂಗು ಕೊಠಡಿಯನ್ನು ತುಂಬಿತು. "ಓಣಿಗೆ ಓಣಿನೇ ಸುರುವಾಕತ್ತೈತಿ!"

ಅವನಿಗೆ ಉತ್ತರವಾಗಿ ಹೆಂಗಸೊಬ್ಬಳ ಗದರಿಕೆ ಕೇಳಿಬಂತು. "ಊರಿಗೆಲ್ಲಾ ಹೇಳಿ ನಮಗ ಹೇಳಂಗಿಲ್ಲೇನೋ ಮಾಸ್ತರ? ಪಕ್ಕದ ಓಣಿಯವರನ್ನ ನೋಡಿ ನಾವೂ ಸುರುವೀವಿ. ನಮ್ಮ ಗಂಗಮ್ಮ ಗಂಗಮ್ಮ ಅಲ್ಲೇನ? ನಮ್ಮ ನೀರಿಗೆ ತೂಕ ಇಲ್ಲೇನ?"

"ಎಷ್ಟು ಮನಿ ಅದಾವ ನಿಮ್ಮ ಓಣ್ಯಾಗ?" ಎಂದು ಸವಣೂರ ಸಾಹೇಬರು ಫೋನಿಗೆ ಕೂಗಿದರು.

"ಮುನ್ನೂರಾ ಹನ್ನೆರಡು! ಯಾಕ, ಅದೂ ಮರತೀರೇನ?"

ಸಾಹೇಬರು ಕೆಂಪು ಫೋನಿನಿಂದ ಕೈ ತೆಗೆದರು. ವಸುಮತಿಯನ್ನು ನೋಡಿದರು, ಪರದೆಯನ್ನು ನೋಡಿದರು, ಆಮೇಲೆ ಅಲ್ಲಿದ್ದ ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಎರ್ರಿಸ್ವಾಮಿ ಅವರ ಜೊತೆ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

"ಖಾಲಿ ಮಾಡೋದಿಲ್ಲ," ಎಂದರು ಸಾಹೇಬರು, ಉಸಿರು ಸಿಕ್ಕ ಮೇಲೆ. "ಪಂಪು ಹಚ್ಚಪ್ಪ ಎರ್ರಿಸ್ವಾಮಿ. ಊರಿನ ಟ್ಯಾಂಕು ಎಲ್ಲಾ ಬರಿದಾಗ್ಯಾವ, ಕೊಳವಿ ಬಿಡು. ಮೇಡಂ, ಮಳೆಗಾಲದಾಗ ನಾವು ಕೋಡಿಗೆ ಹರಿಸಿಬಿಡೋ ನೀರು ಐತಲ್ಲ, ಅದನ್ನೂ ಓಣಿ ಬಾವಿಗಳಿಗೇ ಬಿಟ್ರ ಎಷ್ಟು ಹಿಡಿದೀತು ಈ ಊರಿನ ಹೊಟ್ಟಿ? ಲೆಕ್ಕ ಹಾಕ್ರಿ. ಇವತ್ತೇ ಹಾಕ್ರಿ."

ಕೆಳಗಿನ ಮಹಡಿಯಲ್ಲಿ ಪಂಪುಗಳು ಒಂದೊಂದಾಗಿ ಗುಡುಗಿ ಎದ್ದವು. ಫೋನಿನಲ್ಲಿ ಜಗಳ ಇನ್ನೂ ನಡೆದಿತ್ತು. ಪಂಪಾಪತಿ ಕಬಡ್ಡಿಯ ವಿಷಯಕ್ಕೆ ಕ್ಷಮೆ ಕೇಳುತ್ತಿದ್ದ, ಆ ಹೆಂಗಸು ಒಪ್ಪುತ್ತಿರಲಿಲ್ಲ. ಕೊನೆಗೆ ಅವಳು ಫೋನನ್ನೇ ಅವನ ಕೈಯಿಂದ ಕಿತ್ತುಕೊಂಡಿರಬೇಕು.

"ಯಾರು, ಹಂಪಮ್ಮನ ಸೊಸಿ ಏನ? ನೋಡವ್ವ, ಆ ಮಾಸ್ತರನ ಮಾತು ನನಗ ಬ್ಯಾಡ. ನೀ ಹೇಳು. ನಾವು ಸುರುವಿದ್ದು ನಿನ್ನ ಯಂತ್ರಕ್ಕ ಮುಟ್ಟಿತೇನ?"

ವಸುಮತಿ ಪರದೆ ನೋಡಿದಳು. ಮೂರು ಮೆಟ್ಟಿಲುಗಳ ಆಚೆ ನಾಲ್ಕನೆಯದು, ಕಿರಿದಾದರೂ ನೆಟ್ಟಗೆ, ಏರಿ ನಿಂತಿತ್ತು.

"ಮುಟ್ಟಿತು ಅಕ್ಕ," ಎಂದಳು. "ಮುನ್ನೂರ ಹನ್ನೆರಡು ಮನೆಯದೂ ಮುಟ್ಟಿತು."